ಕೊನೆಯ ಸೀಟಿ ಊದಿದ ಮೇಲೆ

ಸುಂಟಿಕೊಪ್ಪ. ಉಮ್ಮರಾಕನ ಹೋಟೆಲಿನಲ್ಲಿ
ಪರೋಟಕ್ಕಿಂತ ಮೊದಲು ಹರಿದದ್ದು ರೆಫರಿಯನ್ನು.

"ಕಣ್ಣಿಗೆ ಕಾಫಿ ಸಿಪ್ಪೆ ಮೆತ್ತಿತ್ತಾ ಅವನಿಗೆ?"
"ಅವರ ಬಿರಿಯಾನಿ ಉಂಡಿದ್ದಾನೆ ಬಿಡು."

ಸೆಲ್ವರಾಜು ಮೇಜಿನ ಮೇಲೇ ತೋರಿಸಿದ:
ಚಮಚ ಕೈ. ನಿಂಬೆ ಚೆಂಡು.
ಸಕ್ಕರೆ ಡಬ್ಬಿ ಆ ಕುರುಡ.
ಪಳಂಗಪ್ಪ ನಿಂಬೆಯನ್ನು ಬೆರಳಗಲ ಸರಿಸಿದ, ಪೆನಾಲ್ಟಿ ಆಯಿತು.
ಮತ್ತೆ ಸರಿಸಿದ, ಅಲ್ಲ.

ಅಷ್ಟರಲ್ಲಿ ಅವನೇ ಬಂದ,
ಮೊಣಕಾಲಿನವರೆಗೆ ಕೆಸರು.
ನಾಳೆ ಆರೂಕಾಲಿನ ಮಡಿಕೇರಿ ಬಸ್ಸಿಗೆ ಇವನೇ ಕಂಡಕ್ಟರು;
ಟಿಕೆಟ್ ಹಿಂದೆ ಬರೆದುಕೊಟ್ಟ ಚಿಲ್ಲರೆಯನ್ನು
ನಾವ್ಯಾರೂ ಲೆಕ್ಕ ಹಾಕಿ ನೋಡಿದವರಲ್ಲ.

ಬೆಂಚು ಜಾಗ ಕೊಟ್ಟಿತು. ಮಾತು ಕೊಡಲಿಲ್ಲ.

ಕಟ್ಟಂಚಾಯ ಊದುತ್ತಾ, ಯಾರನ್ನೂ ನೋಡದೆ, ಕೇಳಿದ:
"ನೀವು ಗೋಲಿನ ಹಿಂದೆಯೇ ಇದ್ರಲ್ಲ... ತಾಗಿತ್ತಾ?"

ಉಮ್ಮರಾಕ ಕಾವಲಿ ಕೆರೆಯುವುದನ್ನು ನಿಲ್ಲಿಸಿದ.
ಸೆಲ್ವರಾಜು ನಿಂಬೆಯನ್ನು ಜೇಬಿಗೆ ಹಾಕಿಕೊಂಡ.
ನಾನು ಸಕ್ಕರೆ ಡಬ್ಬಿಯನ್ನು
ಅವನತ್ತ ದೂಡಿದೆ.