ಸರಪಳಿ ಹಿಡಿದವನು

ಹತ್ತು ಗಜ. ಅಷ್ಟೇ ನನ್ನ ಕೈಲಿರುವುದು.
ಎರಡು ಕೋಲು, ನಡುವೆ ಸರಪಳಿ,
ಆ ತುದಿಗೆ ವೆಂಡೆಲ್ ಸ್ಟ್ರೂಪ್, ಈ ತುದಿಗೆ ನಾನು.
ಹತ್ತೊಂಬತ್ತು ವರ್ಷದಿಂದ ಶುಕ್ರವಾರ ರಾತ್ರಿ
ಈಸ್ಟ್ ಲಿವರ್‌ಪೂಲಿನ ಈ ಮೈದಾನದ ಅಂಚಿನಲ್ಲಿ
ಬಾಯಿ ಮುಚ್ಚಿಕೊಂಡು ನಿಂತಿದ್ದೇನೆ.
ಸರಪಳಿಯವನು ಕೂಗಬಾರದು, ಚಪ್ಪಾಳೆ ತಟ್ಟಬಾರದು,
ನಮ್ಮವರು ಬಿದ್ದರೆ ಉಸ್ಸೆನ್ನಲೂಬಾರದು.
ನಿಯಮ.

ಆ ಪ್ಲೇಆಫ್ ರಾತ್ರಿ ನಾವಿಬ್ಬರು ನಡೆದದ್ದೇ ನಡೆದದ್ದು.
ಎದುರಾಳಿಗಳು ಚೆಂಡು ಎಸೆಯಲೇ ಇಲ್ಲ. ಯಾಕೆ ಎಸೆಯಬೇಕು?
ಇಪ್ಪತ್ತೆರಡನೇ ನಂಬರಿನ ಆ ಗಿಡ್ಡ ಹುಡುಗ
ಚೆಂಡನ್ನು ಹೊಟ್ಟೆಗವಚಿಕೊಂಡು
ನಮ್ಮ ಮನೆಯೊಳಗೆ ನಮಗಿಂತ ಸಲೀಸಾಗಿ ಓಡಾಡಿದ.
ಆರು ಗಜ. ಏಳು. ನಾಲ್ಕು. ಹನ್ನೊಂದು.
ಕೋಲು ಕೀಳು, ನಡೆ, ನೆಡು.
ಕೋಲು ಕೀಳು, ನಡೆ,
ನೆಡುವಷ್ಟರಲ್ಲಿ ಮತ್ತೆ ಕೀಳು.

ಬೆಳಗಾಗುವಷ್ಟರಲ್ಲಿ ಊರಿಗೆಲ್ಲ ಕಾರಣ ಗೊತ್ತಿತ್ತು.
ಡೋನಟ್ ಅಂಗಡಿಯಲ್ಲಿ: ಕೋಚ್ ಒರ್ಲೋಸ್ಕಿ ಮುದುಕನಾದ.
ಕ್ಷೌರದಂಗಡಿಯಲ್ಲಿ: ಹುಡುಗರಿಗೆ ಕಸುವಿಲ್ಲ, ಬರೀ ಫೋನು.
ಚರ್ಚಿನ ಮೆಟ್ಟಿಲ ಮೇಲೆ: ಮೊದಲೇ ಐವರನ್ನು ಮುಂದೆ ನಿಲ್ಲಿಸಬೇಕಿತ್ತು,
ಕೊನೆಯ ಕ್ವಾರ್ಟರಿನಲ್ಲಿ ನಿಲ್ಲಿಸಿದರು, ನೋಡಿ,
ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು.
ಹೌದೌದು ಅಂದೆ. ಕಾಫಿ ಕುಡಿದೆ.

ನಟ್ಟನಡುವೆ ಟೋಬಿ ವುಕೊವಿಚ್. ಬಂಡೆಯಂಥ ಹುಡುಗ,
ಇಬ್ಬರು ಮೇಲೆ ಬಿದ್ದರೂ ಮಿಸುಕದವನು.
ಮಂಗಳವಾರ ಅವನ ಅಣ್ಣನನ್ನು ಮಣ್ಣು ಮಾಡಿದ್ದರು.
ಹೇಗೆ ಸತ್ತ ಅಂತ ಕೇಳಬೇಡಿ, ಈ ನದಿಯುದ್ದಕ್ಕೂ ಹಾಗೇ ಸಾಯುತ್ತಾರೆ.
ಬುಧವಾರ ಟೋಬಿ ಅಭ್ಯಾಸಕ್ಕೆ ಬಂದ. ಯಾರೂ ಏನೂ ಕೇಳಲಿಲ್ಲ.
ಮೊದಲ ಕ್ವಾರ್ಟರಿನಲ್ಲಿ ನೀರಿಗೆಂದು ಅಂಚಿಗೆ ಬಂದವನು
ನನ್ನ ಮಗ್ಗುಲಲ್ಲೇ ನಿಂತು ಡಾರಿಯಸ್‌ಗೆ ಅಂದ:
"ಕಾಲು ನಿಲ್ತಾ ಇಲ್ಲ ಕಣೋ."
ಡಾರಿಯಸ್: "ನಾನಿದೀನಿ."

ಅಲ್ಲೇ ಸೋತೆವು.

ಪ್ರತಿಯೊಬ್ಬನಿಗೂ ಒಂದು ಕಂಡಿ, ಅವನ ಜೀವ ಅದಕ್ಕೆ,
ಪಕ್ಕದ ಮನೆ ಉರಿದರೂ ತನ್ನ ಬಾಗಿಲು ಬಿಡುವಂತಿಲ್ಲ.
ಆಗಸ್ಟಿನ ಬಿಸಿಲಲ್ಲಿ ಒರ್ಲೋಸ್ಕಿ
ಗಂಟಲು ಹರಿದುಕೊಂಡು ಕಲಿಸಿದ್ದು ಅದೊಂದೇ.
ಡಾರಿಯಸ್ ತನ್ನ ಕಂಡಿ ಬಿಟ್ಟು ಟೋಬಿಯ ಬೆನ್ನಿಗೆ ನಿಂತ.
ಡಾರಿಯಸ್ ಬಿಟ್ಟ ಜಾಗಕ್ಕೆ ಎಡಗಡೆಯ ಹೇಯ್ಸ್ ಒಂದು ಹೆಜ್ಜೆ ಸರಿದ.
ಹೇಯ್ಸನ ಜಾಗಕ್ಕೆ ಹಿಂದಿನಿಂದ ಆ ಪೀಚು ಹುಡುಗ, ಹೆಸರು ಮರೆತೆ.
ಒಂದೊಂದೇ ಹೆಜ್ಜೆ, ನಡುವಿನ ಕಡೆಗೆ,
ಸಾವಿನ ಮನೆಯಲ್ಲಿ ಜನ ಸರಿಯುವ ಹಾಗೆ.
ಅಂಚು ಬರಿದಾಯಿತು.
ಗಿಡ್ಡನಿಗೆ ಇದೆಲ್ಲ ಏನು ಗೊತ್ತು? ಬೆಳಕು ಕಂಡ, ನುಗ್ಗಿದ.

ನಾನು ಪಿಂಗಾಣಿ ಕಾರ್ಖಾನೆಯಲ್ಲಿ ಬಟ್ಟಲಿಗೆ ಹಿಡಿ ಅಂಟಿಸುವವನು.
ಎಷ್ಟೋ ಬಟ್ಟಲು ಬಿರಿಯುವುದು ತೆಳುವಿದ್ದಲ್ಲಲ್ಲ,
ಗಟ್ಟಿಯಿರಲೆಂದು ಮಣ್ಣು ಹೆಚ್ಚು ಮೆತ್ತಿದಲ್ಲಿ.
ಆವಿಗೆಯೊಳಗೆ, ಯಾರಿಗೂ ಕಾಣದೆ, ಟಿಕ್ ಅನ್ನುತ್ತದೆ.

ಮೂರನೇ ಕ್ವಾರ್ಟರಿನಲ್ಲಿ ಅಳತೆಗೆ ಕರೆದರು.
ಮೈದಾನದೊಳಕ್ಕೆ ಹೋಗಿ ಸರಪಳಿ ಬಿಗಿಯಾಗಿ ಎಳೆದೆವು.
ಚೆಂಡಿನ ಮೂಗು ನನ್ನ ಕೋಲಿಗಿಂತ ಎರಡು ಬೆರಳು ಮುಂದೆ.
ಎರಡೇ ಬೆರಳು.
ಕೋಲು ಒಂಚೂರು ವಾಲಿದ್ದರೆ, ಕತ್ತಲಲ್ಲಿ, ಮಂಜಿನಲ್ಲಿ...
ಟೋಬಿ ಹುಲ್ಲಿನ ಮೇಲೆ ಕೂತಿದ್ದ, ಹೆಲ್ಮೆಟ್ ತೆಗೆದಿರಲಿಲ್ಲ.
ಡಾರಿಯಸ್‌ನ ಕೈ ಅವನ ಕುತ್ತಿಗೆಯ ಹಿಂದಿತ್ತು.
ಕೋಲು ನೆಟ್ಟಗೆ ಹಿಡಿದೆ.

ಆಟ ಮುಗಿದು ಶೆಡ್ಡಿನಲ್ಲಿ ವೆಂಡೆಲ್ ಕೇಳಿದ:
"ಒಟ್ಟು ಎಷ್ಟು ಓಡಿದರಂತೆ?"
"ಮುನ್ನೂರ ಹನ್ನೆರಡು ಗಜ."
"ನಾವೂ ಅಷ್ಟೇ ನಡೆದೆವಲ್ಲ," ಅಂದ, ಬೂಟು ಬಿಚ್ಚುತ್ತ.
ಕೆಸರು ಒರೆಸಿ ಸರಪಳಿಯನ್ನು ಬಕೆಟ್ಟಿಗೆ ಇಳಿಸಿದೆ,
ಕೊಂಡಿ ಕೊಂಡಿಯಾಗಿ, ಸದ್ದಾಗದ ಹಾಗೆ.
ಗೋಡೆಯಾಚೆ ಹುಡುಗರು ಸ್ನಾನ ಮಾಡುತ್ತಿದ್ದರು.