ತಿಂತಾ

ಶುವೈಖಿಗೆ ಬಂದ ಮೊದಲ ವಾರ
ಗಿರಾಕಿಯೊಬ್ಬ ಬಾನೆಟ್ಟು ತಟ್ಟಿ 'ತಿಂತಾ, ತಿಂತಾ' ಅಂದ.
ಕುಮಟೆಯ ಟೆಂಪೋ ಗ್ಯಾರೇಜಿನವ ನಾನು, ಕನ್ನಡದಲ್ಲೇ ಕೇಳಿದೆ:
ಏನು ತಿಂತಾ? ಪೆಟ್ರೋಲಾ, ಆಯಿಲಾ, ನಿನ್ನ ತಲೆಯಾ?
ಕಾಲೊತ್ತಿದಾಗ ಗಾಡಿ ಮುಂದೆ ಹಾರುವ ಬದಲು
ಎಡವಿ, ತಡವರಿಸಿ, ಕೊರಳಪಟ್ಟಿ ಹಿಡಿದು ಯಾರೋ ಎಳೆದಂತೆ ಆದರೆ
ಇಲ್ಲಿಯವರ ಬಾಯಲ್ಲಿ ಅದು ತಿಂತಾ.
ಹದಿನೇಳು ವರ್ಷ ಕಳೆಯಿತು.
ಈಗಲೂ ಆ ಮಾತು ಬಿದ್ದರೆ ಕಿವಿಗೆ
ಯಾರೋ ಊಟಕ್ಕೆ ಕೂತ ಹಾಗೆ.

ಬೂ ಮಿಶಾರಿಯ ಹಳೇ ಕ್ಯಾಪ್ರೀಸು. ಎಂಟು ಸಿಲಿಂಡರು.
ಒಬ್ಬನೇ ಕೂತರೆ ಬೆಣ್ಣೆ,
ಮನೆಮಂದಿಯನ್ನು ತುಂಬಿಕೊಂಡು ಮುತ್ಲಾ ಏರು ಹತ್ತಿದರೆ
ಗುಕ್ಕು, ಗುಕ್ಕು, ಗುಕ್ಕು.
ಮೂರು ಗ್ಯಾರೇಜು ಸುತ್ತಿ ಬಂದಿದ್ದ.
ಒಬ್ಬ ಪಂಪು ಬದಲಿಸಿದ, ಒಬ್ಬ ಇಂಜೆಕ್ಟರು,
ಮೂರನೆಯವ ದೇವರ ಇಚ್ಛೆ ಅಂದು ಹತ್ತು ದಿನಾರು ಇಸಕೊಂಡ.

ನಾನು ಮೊದಲು ಸುಮ್ಮನೆ ಕೇಳಿಸಿಕೊಂಡೆ.
ನಿಂತಲ್ಲಿ ನಿಂತ ಇಂಜಿನ್ನಿಗೆ ದೂರೇ ಇಲ್ಲ.
ಸ್ಕ್ಯಾನರು ಚುಚ್ಚಿದರೆ ಪರದೆ ಖಾಲಿ, ಸಾಕ್ಷಿ ತಿರುಗಿಬಿದ್ದಂತೆ.
ಒತ್ತಡದ ಮುಳ್ಳು ಅಲ್ಲಾಡಲಿಲ್ಲ.
ಪ್ಲಗ್ಗು ಬಿಚ್ಚಿದೆ: ಹುರಿದ ರವೆಯ ಬಣ್ಣ, ಎಂಟಕ್ಕೆ ಎಂಟೂ.
ಇಷ್ಟು ಒಳ್ಳೆಯತನ ಇದ್ದಲ್ಲಿ ಏನೋ ಇದ್ದೇ ಇರುತ್ತದೆ.

'ಭಾರ ಬೇಕು' ಅಂದೆ.
ಶುಕ್ರವಾರ ಮಧ್ಯಾಹ್ನ, ಬಿಸಿಲು ಡಾಂಬರನ್ನು ನೆಕ್ಕುವ ಹೊತ್ತು,
ಟೈರಿನ ಸೆಲ್ವಮಣಿ, ಕ್ಷೌರದ ಇಜಾಜ್,
ಚಹಾದ ಕುಂಞಾಮು, ನನ್ನ ಹುಡುಗ ರೊಕನ್
ಹತ್ತಿ ಕೂತರು ಮದುವೆ ದಿಬ್ಬಣದಂತೆ.
ಡಿಕ್ಕಿಯಲ್ಲಿ ಎರಡು ಗೇರುಬಾಕ್ಸು.
ಐದನೇ ರಿಂಗ್ ರೋಡಿನ ಮೇಲ್ಸೇತುವೆಗೆ ಕಾಲೂರಿದೆ.
ಗುಕ್ಕು! ಐದು ತಲೆಗಳು ಒಟ್ಟಿಗೆ ಮುಂದಕ್ಕೆ ಬಾಗಿದವು.
'ಸಿಕ್ಕಿತಾ?' ಅಂದ ಇಜಾಜ್.
ಸಿಗಲಿಲ್ಲ. ಇದೆ ಅಂತ ಮಾತ್ರ ಗೊತ್ತಾಯಿತು.

ರಾತ್ರಿ ಇಶಾ ಕಳೆದ ಮೇಲೆ
ಶೆಡ್ಡಿನ ದೀಪ ಆರಿಸಿದೆ. ಚಕ್ರಕ್ಕೆ ಮರದ ತುಂಡು.
ರೊಕನ್ ಬ್ರೇಕಿನ ಮೇಲೆ ನಿಂತು ಮೆಲ್ಲಗೆ ಕಾಲೊತ್ತಿದ.
ಇಜಾಜ್‌ನ ಅಂಗಡಿಯಿಂದ ತಂದ ನೀರು ಚಿಮುಕಿಸುವ ಬಾಟಲಿ,
ಗಿರಾಕಿಗಳ ತಲೆಗೆ ಹೊಡೆಯುತ್ತಾರಲ್ಲ, ಅದೇ.
ವೈರುಗಳ ಮೇಲೆ ಮಂಜು ಬಿಟ್ಟೆ. ಒಂದು, ಮೂರು, ಐದು. ಕತ್ತಲೆ.
ಏಳು, ಎಲ್ಲಕ್ಕಿಂತ ಹಿಂದೆ, ಕೈ ಹೋಗದ ಸಂದಿಯಲ್ಲಿ,
ಅಲ್ಲಿ
ನೀಲಿ. ಚಿಟಕ್.
ಮತ್ತೆ ನೀಲಿ. ಕೂದಲಿನಷ್ಟು ತೆಳ್ಳಗೆ,
ರಬ್ಬರಿನ ಬಿರುಕಿನಿಂದ ಕಬ್ಬಿಣಕ್ಕೆ ಜಿಗಿಯುತ್ತಿತ್ತು.

ಬೂ ಮಿಶಾರಿ ಬಗ್ಗಿ ನೋಡಿದ, ಗುತ್ರಾದ ಅಂಚು ಹಿಂದಕ್ಕೆ ಹಿಡಿದು.
ವಿವರಿಸಿದೆ, ನನ್ನ ಮುರುಕು ಅರಬ್ಬಿಯಲ್ಲಿ:
ಖಾಲಿ ಇದ್ದಾಗ ಒಳಗಿನ ಗಾಳಿ ತೆಳು, ಕಿಡಿ ಸಲೀಸಾಗಿ ಹಾಯುತ್ತದೆ.
ಭಾರ ಬಿದ್ದರೆ ಗಾಳಿ ಒತ್ತಿ ಗಟ್ಟಿಯಾಗುತ್ತದೆ,
ಅದನ್ನು ಸೀಳುವುದಕ್ಕಿಂತ ಹೊರಗೆ ಸೋರುವುದು ಹಗುರ.
ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.
'ನನ್ನ ಎರಡನೇ ಮಗ' ಅಂದ,
ಮುಂದೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ವೈರಿಗೆ ಮೂರು ದಿನಾರು. ಕೂಲಿಗೆ ಅವನೇ ಹದಿನೈದು ಇಟ್ಟ,
'ಉಸ್ತಾ' ಅಂದ. ನಾನು ಮೇಸ್ತ, ಹೊನ್ನಾವರದ ಮೇಸ್ತ,
ಅದು ನನ್ನ ಅಡ್ಡಹೆಸರಿನ ಅಪಭ್ರಂಶವೆಂದೇ ಇಷ್ಟು ವರ್ಷ ನಂಬಿದ್ದೇನೆ.

ರೊಕನ್ ಕೇಳಿದ, ದೀಪ ಹಾಕುತ್ತಾ:
'ಹೊರಗೆ ಹೋದ ಕಿಡಿ ಏನಾಗುತ್ತದೆ?'
'ಏನೂ ಆಗುವುದಿಲ್ಲ. ಅದೇ ತೊಂದರೆ.'
ಹಳೆಯ ವೈರನ್ನು ಮೊಳೆಗೆ ನೇತುಹಾಕಿದೆ,
ಅಲ್ಲಿ ಇಂಥವು ನಲವತ್ತೋ ಐವತ್ತೋ ಇವೆ.
ಬೆಳಕಿನಲ್ಲಿ ನೋಡಿದರೆ
ಎಲ್ಲವೂ ಹೊಸದೇ.