ತೊಗಲಿನ ಲೆಕ್ಕ

ಮಂಜೇಶ್ವರ ಬಂದರಿನ ಹಿಂದಿನ ಶೆಡ್ಡಿನಲ್ಲಿ
ಅಮ್ಮ ಕಾರ್ಗಿಲ್ ಮೀನು ಸುಲಿಯುತ್ತಾಳೆ.
ಕತ್ತಿಯ ಬಾಯಿ ಮಡಚಿಸುವ ತೊಗಲು ಅದು.
ಬಾಲದ ಕಡೆಯಿಂದ ಒಮ್ಮೆ ಹಿಡಿ ಸಿಕ್ಕರೆ ಮಾತ್ರ
ಒದ್ದೆ ಅಂಗಿ ಕಳಚಿದ ಹಾಗೆ, ಚರ್ರೆಂದು.
ಮಾಂಸ ಐಸಿಗೆ, ತೊಗಲು ಕಾಗೆಗೆ.
ಇಪ್ಪತ್ತೆರಡು ವರ್ಷ ಇದೇ ಪಾಲು.

ಈ ವರ್ಷ ಕಾಗೆಯ ಪಾಲನ್ನು ನಾನು ಕೇಳಿದೆ.
ಪೇಯಿಂಟಿನ ಬಕೆಟ್ಟಿಗೆ ಐಸು ತುಂಬಿಸಿ
ಕಾಸರಗೋಡಿನ ಬಸ್ಸು ಹತ್ತಿದೆ.
ಕುಂಬಳೆಯ ತನಕ ಯಾರೂ ಏನೂ ಹೇಳಲಿಲ್ಲ.
ಮೊಗ್ರಾಲ್ ಸೇತುವೆಯಲ್ಲಿ ಕಂಡಕ್ಟರ್ ಮೂಗು ಮುಚ್ಚಿ
ಮಲಯಾಳದಲ್ಲಿ ಕೇಳಿದ.
ಪ್ರಾಜೆಕ್ಟು ಎಂದೆ. ಎರಡೂ ಭಾಷೆಯಲ್ಲಿ ಅದು ಒಂದೇ.

ಶಾಲೆಯಲ್ಲಿ ನನಗದು ಸಸಾರಜನಕ,
ಇಲ್ಲಿ ಪ್ರೊಟೀನು.
ಆಸಿಡ್ಡಿನಲ್ಲಿ ಬೇಯಿಸಿ, ಭಟ್ಟಿ ಇಳಿಸಿ
ಸಾರಜನಕ ಅಳೆಯಬೇಕು, ಆಮೇಲೆ ಗುಣಾಕಾರ:
ಮಾಂಸವಾದರೆ ಆರೂಕಾಲು,
ತೊಗಲಾದರೆ ಐದೂವರೆ ಚಿಲ್ಲರೆ.
"ಅಲ್ಲಿಯೂ ತೊಗಲಿಗೆ ಕಡಿಮೆ ರೇಟಾ?"
ಅಮ್ಮ ಕೇಳಿದಳು, ಬೆರಳ ಸಂದಿಗೆ ತೆಂಗಿನೆಣ್ಣೆ ಹಚ್ಚುತ್ತ.

ಇಲ್ಲಮ್ಮ, ಅದು ಬೇರೆ ಜಾತಿಯ ನೂಲು.
ಮೂರು ಎಳೆ, ಒಂದಕ್ಕೊಂದು ಹೊಸೆದದ್ದು;
ಪ್ರತಿ ಮೂರನೆಯ ಮಣೆಯಲ್ಲೂ
ಗ್ಲೈಸೀನ್ ಎಂಬ ಸಣ್ಣವನೇ ಕೂರಬೇಕು,
ದೊಡ್ಡವರು ಕೂತರೆ ಹುರಿ ಬಿಗಿಯುವುದಿಲ್ಲ.
ದೋಣಿಗೆ ಹಗ್ಗ ಹೊಸೆಯುವ ಕುಂಞಂಬು ಮಾವ
ಬೀಡಿ ತೆಗೆದು ನಕ್ಕರು:
"ನಾಲ್ಕೆಳೆ ಹಾಕಿದರೆ ನಡುವೆ ಟೊಳ್ಳು ಬೀಳುತ್ತದೆ ಮಗಾ.
ಮೀನಿಗೆ ಅದನ್ನು ಯಾರು ಹೇಳಿಕೊಟ್ಟರು?"

ಜಿಲಾಟಿನ್ ಮಾಡುವುದೆಂದರೆ ಆ ಹುರಿ ಬಿಚ್ಚುವುದು.
ಹುಳಿಯಲ್ಲಿ ನೆನೆಸಿ, ಹದ ಬಿಸಿಯಲ್ಲಿ ರಾತ್ರಿಯಿಡೀ.
ಸೋಸಿದರೆ ಗಂಜಿಯ ತಿಳಿ,
ಫ್ರಿಜ್ಜಿನಲ್ಲಿ ನಡುಗುವ ಕಣ್ಣು.
ಬುಧವಾರ ಕರೆಂಟು ಹೋಯಿತು. ಮೂರು ಗಂಟೆಗೆ ನೋಡಿದರೆ
ಎಲ್ಲ ಮತ್ತೆ ನೀರು.
ಪಕ್ಕದ ಬೀಕರಿನಲ್ಲಿ ದನದ್ದು
ಅಂಚು ಮಾತ್ರ ಬೆವರಿ, ಅಲುಗದೆ ಕೂತಿತ್ತು.
ಬದುಕಿದ್ದಾಗ ಎಷ್ಟು ಬಿಸುಪಿನಲ್ಲಿತ್ತೋ
ಅಷ್ಟೇ ಅದರ ಹುರಿಯ ಪಟ್ಟು, ಅಂದರು ಮೇಡಂ.
ಹಿಮದ ಕಡಲಿನದ್ದಾದರೆ ಅಂಗೈ ಬಿಸಿಗೇ ಸಡಿಲವಂತೆ.
"ತೊಗಲು ತನ್ನ ನೀರನ್ನು ಮರೆಯುವುದಿಲ್ಲ" ಎಂದು ಬರೆದೆ.
ಆ ಸಾಲನ್ನು ರಿಪೋರ್ಟಿನಲ್ಲಿ ಕೆಂಪು ಶಾಯಿ ಹೊಡೆದುಹಾಕಿತು.

ಉಳಿದ ತೊಗಲು ಉಪ್ಪಳ ಬಸ್‌ಸ್ಟ್ಯಾಂಡಿನ ದೂಮಣ್ಣನ ಕೈಗೆ.
ಅವರ ಅಪ್ಪ ಹದ ಹಾಕುತ್ತಿದ್ದ ಗುಂಡಿಯ ಮೇಲೆ
ಈಗ ಹೈವೇ.
ಅಳಲೆಕಾಯಿ, ಮತ್ತಿಯ ತೊಗಟೆ, ಹದಿನೆಂಟು ದಿನ.
"ದನದ್ದು ಹಿಡಿದಾಗ ದೂರ ನಿಲ್ಲುತ್ತಿದ್ದವರು
ಮೀನಿನದ್ದೆಂದರೆ ಬಂದು ಮುಟ್ಟಿ ನೋಡ್ತಾರೆ."
ಅದರ ಗುಣಾಕಾರ ನನಗೆ ಯಾರೂ ಕಲಿಸಿಲ್ಲ.

ಅಮ್ಮನಿಗೊಂದು ಪುಟ್ಟ ಚೀಲ ಹೊಲಿದುಕೊಟ್ಟರು.
ಬೂದು, ಮರಳುಕಾಗದದ ಹಾಗೆ ತರಿತರಿ,
ಈಜುರೆಕ್ಕೆಯಿದ್ದಲ್ಲಿ ತೂತು ಮುಚ್ಚಿದ ಹೊಲಿಗೆ.
ಅಮ್ಮ ಮೂಸಿದಳು. ಮತ್ತೊಮ್ಮೆ ಮೂಸಿದಳು.
"ವಾಸನೆಯೇ ಇಲ್ಲವಲ್ಲ" ಎಂದಳು, ಮೋಸಹೋದವಳ ಹಾಗೆ.
ಆಮೇಲೆ ಸೆರಗಿನ ಗಂಟು ಬಿಚ್ಚಿ
ಆ ದಿನದ ಒದ್ದೆ ನೋಟುಗಳನ್ನು ಒಳಗಿಟ್ಟಳು.

ವಾರದೊಳಗೆ
ಬಂತು.